ಬಲಗಾಲು

ಟಾಂಗಾಕೂಟದ ಬಳೆ ಅಂಗಡಿಯ ಮೇಲೆ ನನ್ನ ಕೋಣೆ,
ಹದಿನೇಳು ಮೆಟ್ಟಿಲು. ಮೌಲಾಲಿ ನಾಲಬಂದ
ಅಷ್ಟನ್ನೂ ಗೋಡೆಗೆ ಎಡಗೈ ಊರುತ್ತ ಹತ್ತಿ ಬಂದ.
ಒಳಗೆ ಒಂದು ನೂಲು ತೂಗುಹಾಕಿದ್ದೇನೆ,
ಅಪ್ಪನ ಮಗ್ಗದ ಹಾಸಿನ ಎಳೆ, ತುದಿಗೆ ಕಬ್ಬಿಣದ ನಟ್ಟು.
ಅದರ ಮುಂದೆ ನಿಲ್ಲಿಸಿದೆ.
ನೂಲು ನೆಟ್ಟಗಿತ್ತು.

"ಕೆಲಸ?"
"ಕುದರಿ, ಅಕ್ಕಾರ. ಲಗ್ನದ ಕುದರಿ.
ನನಗ ಇಷ್ಟ ಆಗೇತಂದ್ರ ಅದಕ್ಕೆಷ್ಟ ಆಗಿರಬೇಕು,
ಒಂದ್ಸಲ ಬಂದು ಕೈ ಹಚ್ಚಿ ನೋಡ್ರಿ."
ನಾ ಓದಿದ್ದು ಎರಡು ಕಾಲಿನವರ ಬೆನ್ನು ಎಂದೆ.
ಅವ ನಕ್ಕ: "ಬೆನ್ನಿಗೇನ್ ಗೊತ್ತರಿ, ಕಾಲು ಎಷ್ಟಂತ."

ಬೆಟಗೇರಿಯ ಓಣಿ ಮುಗಿದ ಮೇಲೆ ಒಂದು ತಗಡಿನ ಶೆಡ್ಡು.
ಕಸ್ತೂರಿ ನಿಂತಿತ್ತು, ಜೂಲಿನಲ್ಲಿ
ನಿನ್ನೆಯ ಮದುವೆಯ ಜರಿಯ ಚೂರು.
ಎರಡೂ ಅಂಗೈ ಚಪ್ಪಟೆ ಇಟ್ಟು ಕಣ್ಣು ಮುಚ್ಚಿದೆ.
ಎಡಕ್ಕೆ ಗಟ್ಟಿ. ಹೆಗಲಿನ ಬಲಕ್ಕೆ
ಹಳೆಯ ಹೊಸ್ತಿಲಿನ ಹಾಗೆ ಸವೆದ ತಗ್ಗು.

"ಹತ್ತಿಸೋದು ಯಾವ ಬದಿಯಿಂದ?"
"ಎಡಕ್ಕಿಂದ. ನಮ್ಮಪ್ಪನೂ ಎಡಕ್ಕಿಂದನ."
ಹನ್ನೊಂದು ವರ್ಷ, ಹಂಗಾಮಿಗೆ ಅರವತ್ತು ಮದುಮಗಂದಿರು,
ಸೂಟಿನೊಳಗೆ ಬೆವರುವವರು,
ಖಡ್ಗವನ್ನು ಛತ್ರಿಯ ಹಾಗೆ ಹಿಡಿದವರು,
ಒಬ್ಬನೂ ಎರಡನೆಯ ಸಲ ಹತ್ತದವನು
(ಒಬ್ಬ ಹತ್ತಿದ್ದಾನಂತೆ, ಅದು ಬೇರೆ ಮಾತು),
ಎಲ್ಲರೂ ಎಡ ರಿಕಾಪಿಗೆ ಜೋತು ಬಿದ್ದು
ಎಡಕ್ಕೆ ಜಗ್ಗಿದ ಜೀನು ಬಲಕ್ಕೆ ಕಚ್ಚಿದೆ.
ಕೆಳಗೆ ನಿಂತು ಅವರನ್ನೆಲ್ಲ
ಬಲ ಹೆಗಲು ಕೊಟ್ಟು ನೂಕಿದವ ಮೌಲಾಲಿ.

ಮೊದಲ ವಾರ ಬರೀ ಗಜ್ಜರಿ.
ಪಕ್ಕೆಯ ಹತ್ತಿರ ಹಿಡಿದರೆ, ಕಾಲು ಕದಲಿಸದೆ
ಕುತ್ತಿಗೆ ಬಾಗಿಸಿ ತಿನ್ನಬೇಕು.
ಎಡಕ್ಕೆ ಬಾಗಿತು. ಬಲಕ್ಕೆ ಹಿಡಿದರೆ
ಇಡೀ ಕುದುರೆಯೇ ತಿರುಗಿ ನಿಂತಿತು.
"ಕಳ್ಳಿ," ಅಂದ ಮೌಲಾಲಿ.
ಕಳ್ಳತನ ಅಲ್ಲ, ನೋವು ಎಂದೆ.
ಅವನಿಗೂ ಸ್ಟೂಲು ಕೊಟ್ಟು, ಕುಂಡಿ ಎಲುಬಿನ ಕೆಳಗೆ
ಎರಡೂ ಅಂಗೈ ಇಟ್ಟು ಕೂಡಿಸಿದೆ.
"ಬಲಗೈ ಅಪ್ಪಚ್ಚಿ ಆತ್ರಿ. ಎಡಗೈ ಮ್ಯಾಲೆ ಯಾರೂ ಕುಂತಿಲ್ಲ."
ನಾಲ್ಕು ಬಿದಿರು ಗಳ ನೆಲಕ್ಕೆ ಹಾಸಿದೆ.
ಇಬ್ಬರೂ ದಾಟಿದರು, ಇಬ್ಬರೂ ಎಡವಿದರು,
ಒಂದೇ ಗಳಕ್ಕೆ.

ಹೊಟ್ಟೆಯ ನಡುಗೆರೆಯನ್ನು ಬೆರಳ ತುದಿಯಿಂದ ಒತ್ತಿದಾಗ
ಕಸ್ತೂರಿಯ ಬೆನ್ನು ಮೆಲ್ಲಗೆ ಮೇಲೆದ್ದಿತು.
ಸಂಜೆ ಮಗ್ಗದ ಕುಣಿಯಿಂದ ಅಪ್ಪ ಹಾಗೆ ಏಳುತ್ತಿದ್ದ,
ಮೊದಲು ಬೆನ್ನು, ಆಮೇಲೆ ಅವನು.
ಲಾಳಿ ಓಡುವ ಸದ್ದಿನಲ್ಲೇ ಕೂತು
ಬೆನ್ನೆಲುಬಿನ ಮೂವತ್ಮೂರು ತುಂಡುಗಳ ಹೆಸರು
ಬಾಯಿಪಾಠ ಮಾಡಿದ್ದೆ ನಾನು.
ಅವನದನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ.

ಏಳನೆಯ ವಾರ, ಮುಳಗುಂದ ನಾಕಾದ ಹತ್ತಿರ ಒಂದು ಮದುವೆ.
ಹತ್ತಲು ಮರದ ಸ್ಟೂಲು, ಅದೂ ಬಲಬದಿಗೆ.
ರುಮಾಲಿನ ಹಿರಿಯರೊಬ್ಬರು ಅಡ್ಡ ಬಂದರು:
"ಇದ್ಯಾವ ಹೊಸಾ ಪದ್ಧತಿಪಾ?"
ಮೌಲಾಲಿ ಲಗಾಮು ಬಿಡದೆ ಕೇಳಿದ:
"ಅಜ್ಜಾರ, ಸೊಸಿ ಮನಿಯೊಳಗ ಬರೂವಾಗ ಯಾವ ಕಾಲು ಮುಂದ?"
"ಬಲಗಾಲು."
"ಮತ್ತ ಮಗಾ ಯಾಕರಿ ಎಡಗಾಲಿಲೆ ಹೊಂಡಬೇಕು?"
ಅಜ್ಜ ಬ್ಯಾಂಡಿನವರ ಕಡೆ ನೋಡಿದ,
ಆಮೇಲೆ ತಾನೇ ಸ್ಟೂಲು ಹಿಡಿದ.

ಹುಡುಗ ಬಲಗಾಲಿಟ್ಟು ಹತ್ತಿದ, ಸ್ವಲ್ಪ ವಾಲಿಯೇ.
ಕಸ್ತೂರಿ ಕಾಲು ಕದಲಿಸಲಿಲ್ಲ.
ಬಲಬದಿಗೆ ನಡೆದು ರೂಢಿಯಿಲ್ಲದ ಮೌಲಾಲಿ
ಪರವೂರಿನವನ ಹಾಗೆ ದಾರಿ ನೋಡಿ ನೋಡಿ ನಡೆದ.

ರಾತ್ರಿ ಹನ್ನೆರಡಕ್ಕೆ ಫೋನು.
ಏನಾಯಿತೋ ಎಂದು ಎದ್ದು ಕೂತೆ.
"ಅಕ್ಕಾರ, ಬಲಕ್ಕ ಬಾಗಿತ್ರಿ. ಬಾಳಲ್ಲ,
ನನ್ನ ಕಿಸೆತನಕ.
ಮಕ್ಕಳಿಗಂತ ಬುಂದಿ ಇಟ್ಟಿದ್ದೆ, ಎಲ್ಲಾ ತಿಂತು,
ಕಾಗದ ಸಮೇತ."